ಚೌಕ ತಪ್ಪಿದ ಬಿಲ್ಲೆಟ್: ಗೌರಿಬಿದನೂರಿನ ಒಂದು ಪ್ರಕರಣ

ಬಿಲ್ಲೆಟ್ ಅಂದರೆ ಕಂಬಿ ಮಾಡಲು ಎರೆದ ಉದ್ದನೆಯ ಉಕ್ಕಿನ ತುಂಡು. ಅದು ಚೌಕವಾಗಿ ಬರಬೇಕು. ಈ ಕಾರ್ಖಾನೆಯಲ್ಲಿ ಆ ವರ್ಷದ ಬೇಸಿಗೆ ಶುರುವಾದಾಗಿನಿಂದ ಅದು ಡೈಮಂಡ್ ಆಗಿ, ಅಂದರೆ ಓರೆಯಾದ ಚೌಕವಾಗಿ, ಬರತೊಡಗಿತ್ತು. 125 ಮಿ.ಮೀ. ಬಿಲ್ಲೆಟ್‌ನ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ. ವ್ಯತ್ಯಾಸ 6 ಮಿ.ಮೀ. ಒಳಗಿದ್ದರೆ ಇಲ್ಲಿನ ರೋಲಿಂಗ್ ಮಿಲ್‌ನವರು ತಕರಾರು ತೆಗೆಯುತ್ತಿರಲಿಲ್ಲ. ಈಗ 12, ಕೆಲವು ಸಲ 14 ಬರುತ್ತಿತ್ತು. ಅಂಥ ಬಿಲ್ಲೆಟ್ ಮಿಲ್‌ನ ಮೊದಲ ಸ್ಟ್ಯಾಂಡ್‌ಗೆ, ಅಂದರೆ ಮೊದಲ ರೋಲರ್ ಜೋಡಿಗೆ, ನುಗ್ಗಿದ ಕೂಡಲೇ ಹೊರಳಿಕೊಳ್ಳುತ್ತದೆ. ಆಮೇಲೆ ಮಿಸ್‌ರೋಲ್. ಕೆಂಪಗೆ ಕಾದ ಕಬ್ಬಿಣ ಗೈಡ್ ಬಿಟ್ಟು ಹೊರಗೆ ಹಾರುತ್ತದೆ, ಮಿಲ್ ನಿಲ್ಲುತ್ತದೆ, ಗ್ಯಾಸ್ ಕಟರ್ ಹಿಡಿದು ಹುಡುಗರು ಓಡುತ್ತಾರೆ.

ಡೈಮಂಡ್ ಆಕಾರವನ್ನು ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಬ್ರೇಕ್‌ಔಟ್. ಮೋಲ್ಡ್‌ನಿಂದ, ಅಂದರೆ ಉಕ್ಕಿಗೆ ಆಕಾರ ಕೊಡುವ ಅಚ್ಚಿನಿಂದ, ಕೆಳಗೆ ಇಳಿಯುವ ಬಿಲ್ಲೆಟ್‌ಗೆ ಹೊರಗೆ ಮಾತ್ರ ಗಟ್ಟಿ ಚಿಪ್ಪು ಇರುತ್ತದೆ, ಒಳಗೆ ಇನ್ನೂ ದ್ರವ ಉಕ್ಕು. ಚಿಪ್ಪು ಮೂಲೆಯ ಹತ್ತಿರ ಬಿರಿದರೆ ಒಳಗಿನ ಉಕ್ಕು ರೋಲರ್ ಮೇಲೆ, ಸ್ಪ್ರೇ ಪೈಪ್ ಮೇಲೆ ಸುರಿಯುತ್ತದೆ. ಆ ಸ್ಟ್ರ್ಯಾಂಡ್, ಅಂದರೆ ಬಿಲ್ಲೆಟ್ ಇಳಿಯುವ ಆ ಸಾಲು, ಆ ಶಿಫ್ಟ್‌ಗೆ ಮುಗಿದ ಹಾಗೆ. ಹಿಂದೆ ಅಪರೂಪಕ್ಕೆ ಆಗುತ್ತಿದ್ದದ್ದು ಈಗ ವಾರ ವಾರ ಆಗುತ್ತಿತ್ತು, ಅದೂ ಹೆಚ್ಚಾಗಿ ಒಂದನೇ ಸ್ಟ್ರ್ಯಾಂಡ್‌ನಲ್ಲೇ.

ಕಾರ್ಖಾನೆಯ ಹೆಸರು ಬೇಡ. ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೋಗುವ ದಾರಿಯಲ್ಲಿ ಇದೆ ಅಂದರೆ ಸಾಕು. ಇಂಡಕ್ಷನ್ ಫರ್ನೇಸ್‌ನಲ್ಲಿ ಸ್ಕ್ರ್ಯಾಪ್ ಮತ್ತು ಸ್ಪಾಂಜ್ ಐರನ್ ಕರಗಿಸುತ್ತಾರೆ. ಎರಡು ಸ್ಟ್ರ್ಯಾಂಡ್‌ಗಳ, 6 ಮೀಟರ್ ತ್ರಿಜ್ಯದ ಕ್ಯಾಸ್ಟರ್‌ನಲ್ಲಿ ಬಿಲ್ಲೆಟ್ ಎರೆಯುತ್ತಾರೆ. ಆ ಬಿಲ್ಲೆಟ್ ಬಿಸಿ ಇರುವಾಗಲೇ ಪಕ್ಕದ ಮಿಲ್‌ಗೆ ಹೋಗಿ ಟಿಎಂಟಿ ಕಂಬಿಯಾಗುತ್ತದೆ. ಕ್ಯಾಸ್ಟರ್ ಮೇಲೆ ಕನ್ನಡ, ತೆಲುಗು, ಹಿಂದಿ ಮೂರೂ ಓಡುತ್ತವೆ. ಬೈಗುಳಕ್ಕೆ ಮಾತ್ರ ಎಲ್ಲರೂ ತೆಲುಗನ್ನೇ ನೆಚ್ಚಿಕೊಂಡಿದ್ದಾರೆ.

ಮೊದಲು ಅವರು ಮಾಡಿದ್ದು

ನನ್ನನ್ನು ಕರೆಯುವ ಮೊದಲೇ ಅಲ್ಲಿ ಚಿಕಿತ್ಸೆ ನಡೆದಿತ್ತು. ಅದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಹೋದಾಗ ಕಂಡ ತೊಂದರೆಯಲ್ಲಿ ಅರ್ಧ ಮೂಲ ರೋಗದ್ದು, ಇನ್ನರ್ಧ ಔಷಧಿಯದ್ದು.

ಕ್ಯಾಸ್ಟರ್ ಇನ್‌ಚಾರ್ಜ್ ಹದಿನೈದು ವರ್ಷ ಅನುಭವ ಇರುವವರು. "ಸಾರ್, ಸ್ಪ್ರೇ ನೀರು ಜಾಸ್ತಿ ಮಾಡಿದೀವಿ. ಸ್ಪೀಡ್ ಕಮ್ಮಿ ಮಾಡಿದೀವಿ. ಆದ್ರೂ ಒಡೀತಾನೇ ಇದೆ" ಎಂದರು. ಅವರ ಲೆಕ್ಕ ಸರಳವಾಗಿತ್ತು. ಚಿಪ್ಪು ಒಡೆಯುತ್ತಿದೆ ಅಂದರೆ ತೆಳ್ಳಗಿದೆ. ತೆಳ್ಳಗಿದೆ ಅಂದರೆ ಸಾಕಷ್ಟು ತಣಿದಿಲ್ಲ. ಹಾಗಾದರೆ ಇನ್ನಷ್ಟು ನೀರು ಬಿಡಿ. ಒಂದು ಕಿಲೋ ಉಕ್ಕಿಗೆ ಸುಮಾರು 1.3 ಲೀಟರ್ ಇದ್ದ ಸ್ಪ್ರೇ ನೀರನ್ನು 1.9ಕ್ಕೆ ಏರಿಸಿದ್ದರು. ನಿಮಿಷಕ್ಕೆ 3 ಮೀಟರ್ ಇದ್ದ ಎರಕದ ವೇಗವನ್ನು 2.4ಕ್ಕೆ ಇಳಿಸಿದ್ದರು.

ವೇಗ ಇಳಿಸಿದ್ದಕ್ಕೆ ಇನ್ನೊಂದು ಬಾಲ ಅಂಟಿಕೊಂಡಿತು. ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಉಕ್ಕು, ಖಾಲಿಯಾಗಲು ಹೊತ್ತು ಜಾಸ್ತಿ ಬೇಕಾಯಿತು. ಉಕ್ಕು ಹೊತ್ತು ತರುವ ಪಾತ್ರೆ ಲ್ಯಾಡಲ್, ಅದನ್ನು ಸ್ಟ್ರ್ಯಾಂಡ್‌ಗಳಿಗೆ ಹಂಚುವ ತೊಟ್ಟಿ ಟಂಡಿಶ್. ಲ್ಯಾಡಲ್‌ನಲ್ಲಿ ಸರದಿಗೆ ನಿಂತ ಉಕ್ಕು ತಣ್ಣಗಾಗಿ ಕೊನೆಯಲ್ಲಿ ಟಂಡಿಶ್ ನಾಝಲ್ ಕಟ್ಟಿಕೊಳ್ಳುವ ಭಯ. ಅದಕ್ಕೆ ಫರ್ನೇಸ್‌ನವರು ಉಕ್ಕನ್ನು ಇನ್ನೂ ಬಿಸಿ ಮಾಡಿ ಕೊಡತೊಡಗಿದರು. ಟಂಡಿಶ್‌ನಲ್ಲಿ 1575 ಡಿಗ್ರಿ ನೋಡಿದ್ದೂ ಇದೆ. ಈ ದರ್ಜೆಯ ಉಕ್ಕು ಗಟ್ಟಿಯಾಗಲು ಶುರುವಾಗುವುದು ಸುಮಾರು 1510 ಡಿಗ್ರಿಗೆ. ಅದರ ಮೇಲೆ 30–40 ಡಿಗ್ರಿ ಇದ್ದರೆ ಸಾಕು. 65 ಇದ್ದರೆ ಮೋಲ್ಡ್‌ನೊಳಗೆ ಚಿಪ್ಪು ಕಟ್ಟುವುದೇ ತಡ, ಕಟ್ಟಿದರೂ ಒಂದೇ ಸಮ ಕಟ್ಟುವುದಿಲ್ಲ. ಚಿಪ್ಪು ದಪ್ಪ ಆಗಲಿ ಎಂದು ವೇಗ ಇಳಿಸಿ, ಅದೇ ಚಿಪ್ಪು ತೆಳ್ಳಗಾಗುವಂತೆ ಬಿಸಿ ಏರಿಸಿದ್ದರು.

ಇನ್ನೊಂದು ಅನುಮಾನ ಸ್ಕ್ರ್ಯಾಪ್ ಮೇಲಿತ್ತು. ಈ ಉದ್ಯಮದಲ್ಲಿ ಏನೇ ಕೆಟ್ಟರೂ ಮೊದಲ ಬೈಗುಳ ಸ್ಕ್ರ್ಯಾಪ್ ತಂದವನಿಗೆ. ಅದರಲ್ಲಿ ಸತ್ಯವೂ ಇದೆ. ಇಂಡಕ್ಷನ್ ಫರ್ನೇಸ್ ಕರಗಿಸುತ್ತದೆಯೇ ಹೊರತು ಗಂಧಕ, ರಂಜಕ ತೆಗೆಯುವುದಿಲ್ಲ. ಒಳಗೆ ಹೋದದ್ದು ಒಳಗೇ ಇರುತ್ತದೆ. ಕಂಬಿಯ ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ ಎಫ್ಇ 500ಡಿ ದರ್ಜೆಯ ಕಂಬಿಗೆ ಗಂಧಕ 0.040, ರಂಜಕ 0.040 ಶೇಕಡಾ ಮೀರಬಾರದು, ಎರಡೂ ಸೇರಿ 0.075 ದಾಟಬಾರದು. ಗಂಧಕ ಜಾಸ್ತಿ ಇದ್ದರೆ ಬಿರುಕಿಗೆ ದಾರಿ ಸುಲಭ. ಆದರೆ ಲ್ಯಾಬ್ ಪುಸ್ತಕ ತೆರೆದು ನೋಡಿದರೆ ಫೆಬ್ರವರಿಯ ಹೀಟ್‌ಗಳಿಗೂ ಏಪ್ರಿಲ್ ಹೀಟ್‌ಗಳಿಗೂ ಗಂಧಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಕಣ್ಣ ಮುಂದೆಯೇ ಇತ್ತು. ಎರಡೂ ಸ್ಟ್ರ್ಯಾಂಡ್‌ಗೆ ಉಕ್ಕು ಬರುವುದು ಒಂದೇ ಟಂಡಿಶ್‌ನಿಂದ. ತಪ್ಪು ಉಕ್ಕಿನದ್ದಾದರೆ ಒಂದನೆಯದೇ ಯಾಕೆ ಅಷ್ಟು ಒಡೆಯಬೇಕು?

ಬಿಸಿ ಎಲ್ಲಿ ಹೋಗುತ್ತದೆ

ಮುಂದಿನದು ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಬೇಸರ ಮಾಡಿಕೊಳ್ಳಬೇಡಿ, ಕೂಡಿಸಿ ಗುಣಿಸುವುದಷ್ಟೇ.

ಮೋಲ್ಡ್ ಅಂದರೆ ತಾಮ್ರದ ಚೌಕ ಕೊಳವೆ. ಗೋಡೆ ಸುಮಾರು 12 ಮಿ.ಮೀ. ದಪ್ಪ. ಒಳಮೈಗೆ ಕ್ರೋಮ್ ಲೇಪ. ಕೊಳವೆಯ ಸುತ್ತ ಉಕ್ಕಿನ ಜಾಕೆಟ್. ತಾಮ್ರಕ್ಕೂ ಜಾಕೆಟ್‌ಗೂ ನಡುವೆ ಕೇವಲ 4 ಮಿ.ಮೀ. ಸಂದು. ಆ ಸಂದಿನಲ್ಲಿ ನಿಮಿಷಕ್ಕೆ 1200 ಲೀಟರ್ ನೀರು ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಸೆಕೆಂಡಿಗೆ 8 ಮೀಟರ್ ವೇಗ. ಒಳಗೆ ಬರುವ ನೀರಿಗೂ ಹೊರಗೆ ಹೋಗುವ ನೀರಿಗೂ 8 ಡಿಗ್ರಿ ವ್ಯತ್ಯಾಸ. ಅಂದರೆ ಒಂದು ಮೋಲ್ಡ್ ಹೊರಗೆ ಎಳೆಯುವ ಶಾಖ ಸುಮಾರು 670 ಕಿಲೋವ್ಯಾಟ್. ಉಕ್ಕು ತಾಗುವ ಮೇಲ್ಮೈ ಸುಮಾರು 0.35 ಚದರ ಮೀಟರ್. ಭಾಗಿಸಿದರೆ ಚದರ ಮೀಟರ್‌ಗೆ ಸುಮಾರು 2 ಮೆಗಾವ್ಯಾಟ್. ಇದು ಸರಾಸರಿ. ಉಕ್ಕಿನ ಮಟ್ಟ ಇರುವ ಜಾಗದಿಂದ ಸ್ವಲ್ಪ ಕೆಳಗೆ ಇದು 3 ದಾಟುತ್ತದೆ.

ಇಷ್ಟು ಬಿಸಿ ದ್ರವ ಉಕ್ಕಿನಿಂದ ನೀರಿಗೆ ಹೋಗುವ ದಾರಿಯಲ್ಲಿ ಹಲವು ಅಡ್ಡಗಳಿವೆ. ಮೊದಲು ಚಿಪ್ಪು. ಆಮೇಲೆ ಚಿಪ್ಪು ಕುಗ್ಗಿದಾಗ ಚಿಪ್ಪಿಗೂ ತಾಮ್ರಕ್ಕೂ ನಡುವೆ ಬೀಳುವ ತೆಳು ಸಂದು. ಆಮೇಲೆ ತಾಮ್ರ, ಕೊನೆಗೆ ನೀರು. ಇವುಗಳಲ್ಲಿ ತಾಮ್ರದ ಪಾಲು, ನೀರಿನ ಪಾಲು ಎರಡೂ ಚಿಕ್ಕವು. ಹತ್ತರಲ್ಲಿ ಒಂಬತ್ತು ಪಾಲು ಅಡ್ಡಿ ಚಿಪ್ಪು ಮತ್ತು ಸಂದಿನದ್ದೇ. ಈ ಮಾತು ನೆನಪಿರಲಿ, ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ಮೋಲ್ಡ್‌ನಿಂದ ಹೊರಬರುವಾಗ ಚಿಪ್ಪು 10–12 ಮಿ.ಮೀ. ಇರುತ್ತದೆ. ಅಲ್ಲಿಂದ ಕೆಳಗೆ ಸ್ಪ್ರೇ. ನಾಲ್ಕೂ ಮುಖಕ್ಕೆ ನೇರ ನೀರು. ಸಾವಿರ ಡಿಗ್ರಿ ಮೇಲಿರುವ ಉಕ್ಕಿನ ಮೇಲೆ ನೀರಿನ ಹನಿ ಬಿದ್ದರೆ ಅದು ಉಕ್ಕನ್ನು ಒದ್ದೆ ಮಾಡುವುದಿಲ್ಲ. ನಡುವೆ ಆವಿಯ ಪೊರೆ ನಿಲ್ಲುತ್ತದೆ, ಹನಿ ಅದರ ಮೇಲೆ ಜಾರುತ್ತದೆ. ಮೈ ತುಂಬಾ ತಣ್ಣಗಾದರೆ ಆ ಪೊರೆ ಒಡೆದು ನೀರು ಉಕ್ಕಿಗೆ ನೇರ ತಾಗುತ್ತದೆ, ಬಿಸಿ ಎಳೆಯುವ ಜೋರು ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಇದರ ಅರ್ಥ ಏನು ಗೊತ್ತೇ? ಒಂದು ಮೂಲೆ ಉಳಿದ ಮೂಲೆಗಳಿಗಿಂತ ಮೊದಲೇ ತಣ್ಣಗಿದ್ದರೆ, ಸ್ಪ್ರೇ ಅದನ್ನೇ ಇನ್ನಷ್ಟು ತಣಿಸುತ್ತದೆ. ಮೋಲ್ಡ್‌ನಲ್ಲಿ ಸಣ್ಣದಾಗಿ ಶುರುವಾದ ಅಸಮ, ಸ್ಪ್ರೇಯಲ್ಲಿ ದೊಡ್ಡದಾಗುತ್ತದೆ. ನೀರು ಜಾಸ್ತಿ ಬಿಟ್ಟಷ್ಟೂ ಅದು ಇನ್ನೂ ಜೋರು.

ಡೈಮಂಡ್ ಆಗುವುದು ಹೀಗೆಯೇ. ಒಂದು ಜೋಡಿ ಮುಖಗಳು ಬೇಗ ತಣಿದು ಬೇಗ ಕುಗ್ಗುತ್ತವೆ. ಅವು ಸೇರುವ ಮೂಲೆ ಚೂಪಾಗುತ್ತದೆ. ಅದರ ಅಕ್ಕಪಕ್ಕದ ಮೂಲೆಗಳು ಅಗಲವಾಗುತ್ತವೆ. ಚೂಪು ಮೂಲೆ ತಣ್ಣಗೆ, ಅಗಲ ಮೂಲೆ ಬಿಸಿ.

ಕೊಯ್ದು ನೋಡಿದ್ದು, ಬಕೆಟ್ ಹಿಡಿದದ್ದು

ಎರಡೂ ಸ್ಟ್ರ್ಯಾಂಡ್‌ಗಳಿಂದ ಬಿಲ್ಲೆಟ್ ತುಂಡು ಕೊಯ್ಸಿ, ಮುಖ ನುಣುಪು ಮಾಡಿಸಿ, ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿಸಿದೆ. ಅರ್ಧ ಆಮ್ಲ, ಅರ್ಧ ನೀರು, 70–80 ಡಿಗ್ರಿ ಬಿಸಿ. ಹೊಗೆ ಹೋಗುವ ವ್ಯವಸ್ಥೆ ಇಲ್ಲದ ಕಡೆ ಇದನ್ನು ಮಾಡಲೇಬಾರದು. ಅಲ್ಲಿನ ಲ್ಯಾಬ್‌ನಲ್ಲಿ ಎಕ್ಸಾಸ್ಟ್ ಫ್ಯಾನ್ ಸುಮ್ನೆ ಗೋಡೆಗೆ ಇತ್ತು, ತಿರುಗುತ್ತಿರಲಿಲ್ಲ. ಅದನ್ನು ರಿಪೇರಿ ಮಾಡಿಸಿಯೇ ಮುಂದುವರಿದದ್ದು.

ಆಮ್ಲದಿಂದ ತೆಗೆದ ತುಂಡಿನಲ್ಲಿ ಎರಡು ಬಗೆ ಬಿರುಕು ಕಂಡವು. ಒಂದು ಬಗೆ ಅಗಲ ಮೂಲೆಗಳ ಹತ್ತಿರ, ಒಂದು ಅಗಲ ಮೂಲೆಯಿಂದ ಎದುರಿನ ಅಗಲ ಮೂಲೆಯ ದಿಕ್ಕಿಗೆ ಓಡಿತ್ತು. ಇದು ಡೈಮಂಡ್ ಆಗುವಾಗ ಎಳೆದದ್ದರಿಂದ ಬಂದ ಬಿರುಕು. ಇನ್ನೊಂದು ಬಗೆ ಮುಖಕ್ಕೂ ನಡುಮಧ್ಯಕ್ಕೂ ಸುಮಾರು ಅರ್ಧ ದೂರದಲ್ಲಿ, ಮುಖಕ್ಕೆ ನೆಟ್ಟಗೆ ನಿಂತ ಸಣ್ಣ ಗೆರೆಗಳು. ಈ ಎರಡನೆಯದು ಔಷಧಿಯ ಬಿರುಕು. ಸ್ಪ್ರೇಯಲ್ಲಿ ಅತಿಯಾಗಿ ತಣಿದ ಮೈ, ಸ್ಪ್ರೇ ಮುಗಿದ ಕೂಡಲೇ ಒಳಗಿನ ಬಿಸಿಯಿಂದ ಮತ್ತೆ ಕಾಯುತ್ತದೆ. ಮೈ ಹಿಗ್ಗುತ್ತದೆ, ಒಳಗಿನ ಅರೆಗಟ್ಟಿ ಪದರವನ್ನು ಎಳೆಯುತ್ತದೆ, ಅದು ಹರಿಯುತ್ತದೆ. ಮೀಟರ್‌ಗೆ 100 ಡಿಗ್ರಿಗಿಂತ ಜಾಸ್ತಿ ಮರುಕಾಯುವಿಕೆ ಇರಬಾರದು ಎನ್ನುವುದು ಈ ಕೆಲಸದಲ್ಲಿ ಎಲ್ಲರೂ ಒಪ್ಪಿರುವ ಮಿತಿ. ದೂರದಿಂದಲೇ ಬಿಸಿ ಅಳೆಯುವ ಪೈರೋಮೀಟರ್ ಹಿಡಿದು ನೋಡಿದಾಗ ಇಲ್ಲಿ ಅದು ಚೆನ್ನಾಗಿಯೇ ದಾಟಿತ್ತು.

ಆಮೇಲೆ ಸ್ಪ್ರೇ. ಕ್ಯಾಸ್ಟರ್ ನಿಂತಿರುವಾಗ ನೀರು ಬಿಡಿಸಿ, ಒಂದೊಂದು ಸಾಲಿನ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆವು. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ಇದಕ್ಕಿಂತ ಕಡಿಮೆ ಮಾಡುವ ಪರೀಕ್ಷೆಯೂ ಇಲ್ಲ. ಒಂದನೇ ಸ್ಟ್ರ್ಯಾಂಡ್‌ನ ಮೊದಲ ವಲಯದಲ್ಲಿ ನಾಲ್ಕು ಮುಖಗಳ ನೀರು ನಾಲ್ಕು ಥರ. ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಕೆಲವು ನಾಝಲ್ ಪೂರ್ತಿ ಕಟ್ಟಿದ್ದವು, ಕೆಲವು ಓರೆಯಾಗಿ ಚಿಮ್ಮುತ್ತಿದ್ದವು. ಕಟ್ಟಿದ್ದು ಮಿಲ್ ಸ್ಕೇಲ್‌ನ (ಬಿಸಿ ಉಕ್ಕಿನ ಮೈಯಿಂದ ಉದುರುವ ಚಕ್ಕೆಯ) ಪುಡಿ ಮತ್ತು ಬಿಳಿ ಉಪ್ಪು ಸೇರಿ ಸಿಮೆಂಟ್ ಆದ ಗಂಟು.

ಪ್ಯಾನೆಲ್‌ನಲ್ಲಿ ಪ್ರೆಶರ್ ಗೇಜ್ ಮಾತ್ರ ಇತ್ತು, ಅದು ಚೆನ್ನಾಗಿಯೇ ತೋರಿಸುತ್ತಿತ್ತು. ತೋರಿಸಲೇಬೇಕಲ್ವಾ? ನಾಝಲ್ ಕಟ್ಟಿದರೆ ನೀರಿಗೆ ಹೋಗಲು ದಾರಿ ಇಲ್ಲ, ಪೈಪ್‌ನಲ್ಲಿ ಒತ್ತಡ ಏರುತ್ತದೆ. ಒತ್ತಡ ಏರಿ ಹರಿವು ಇಳಿದರೆ ಕಟ್ಟಿದೆ ಎಂದು ಅರ್ಥ. ಎರಡನ್ನೂ ಒಟ್ಟಿಗೆ ನೋಡದೆ ಒತ್ತಡವನ್ನು ಮಾತ್ರ ನೋಡಿದರೆ ಕೆಟ್ಟಿರುವುದೇ ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿ ನಾಝಲ್ ತೊಳೆದು ಹೋಗಬಹುದಿತ್ತು. ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ನಾಝಲ್ ಕಟ್ಟಿದ್ದರೆ ಡೈಮಂಡ್ ಆಗುವುದು ಮೋಲ್ಡ್‌ನ ಕೆಳಗೆ. ಬ್ರೇಕ್‌ಔಟ್ ಆಗಿ ಸಿಕ್ಕಿಹಾಕಿಕೊಂಡ ಚಿಪ್ಪುಗಳನ್ನು ಅವರು ಯಾರ್ಡ್‌ನಲ್ಲಿ ಎಸೆದಿದ್ದರು. ಅವುಗಳನ್ನು ಕೊಯ್ದು ನೋಡಿದರೆ ಮೋಲ್ಡ್‌ನೊಳಗೆ ಕಟ್ಟಿದ ಚಿಪ್ಪೇ ಅಸಮವಾಗಿತ್ತು. ಒಂದು ಮುಖದಲ್ಲಿ 11 ಮಿ.ಮೀ., ಮೂಲೆ ಹತ್ತಿರ 6. ರೋಗ ಇನ್ನೂ ಮೇಲಿತ್ತು.

ಸುಳ್ಳು ಹೇಳದ ಗೇಜ್

"ಮೋಲ್ಡ್ ಸರಿ ಇದೆ ಸಾರ್. ಡೆಲ್ಟಾ ಟಿ ನೋಡಿ, ಎಂಟು ಇದ್ದದ್ದು ಏಳೂವರೆ ಇದೆ. ಬೇಸಿಗೇಲಿ ಅಷ್ಟೇ" ಎಂದರು ಇನ್‌ಚಾರ್ಜ್. ಒಳ ಬರುವ ಮತ್ತು ಹೊರ ಹೋಗುವ ನೀರಿನ ಬಿಸಿಯ ವ್ಯತ್ಯಾಸಕ್ಕೆ ಅಲ್ಲಿ ಹಾಗೆ ಕರೆಯುತ್ತಾರೆ. ಮೋಲ್ಡ್‌ನ ಆರೋಗ್ಯಕ್ಕೆ ಎಲ್ಲರೂ ನೋಡುವುದು ಅದನ್ನೇ.

ಒಂದನೇ ಮೋಲ್ಡ್ ಬಿಚ್ಚಿಸಿದೆವು. ಜಾಕೆಟ್‌ನಿಂದ ತಾಮ್ರದ ಕೊಳವೆ ಎಳೆದಾಗ ಅದರ ಹೊರಮೈ ಮೇಲೆ ಬಿಳಿ ಪೊರೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಥರ. ಕೆಳಗೆಲ್ಲ ತೆಳ್ಳಗೆ, ಮೇಲೆ ಉಕ್ಕಿನ ಮಟ್ಟ ಇರುವ ಎತ್ತರದಲ್ಲಿ ಪಟ್ಟಿ ಕಟ್ಟಿದ ಹಾಗೆ ದಪ್ಪ. ಎಲ್ಲ ಮುಖದಲ್ಲೂ ಒಂದೇ ಸಮ ಇರಲಿಲ್ಲ. ಆಮ್ಲದ ಹನಿ ಬಿಟ್ಟರೆ ಬುರುಬುರು ನೊರೆ ಬಂತು, ಕ್ಯಾಲ್ಸಿಯಂ ಕಾರ್ಬೊನೇಟ್. ದಪ್ಪ ಇದ್ದ ಕಡೆ 0.1 ಮಿ.ಮೀ. ಆಸುಪಾಸು. ಫಿಟ್ಟರ್ ಉಗುರಿನಿಂದ ಕೆರೆದು "ಇಷ್ಟಕ್ಕಾ ಸಾರ್?" ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು.

ಲೆಕ್ಕ ಹಾಕೋಣ. ಈ ಪೊರೆ ಬಿಸಿಯನ್ನು ಸಾಗಿಸುವುದರಲ್ಲಿ ತಾಮ್ರಕ್ಕಿಂತ ಇನ್ನೂರು, ಮುನ್ನೂರು ಪಟ್ಟು ಸೋಮಾರಿ. ಹಾಗಾಗಿ 0.1 ಮಿ.ಮೀ. ಪೊರೆ ಅಂದರೆ ತಾಮ್ರದ ಗೋಡೆಗೆ ಇನ್ನೂ 20–30 ಮಿ.ಮೀ. ದಪ್ಪ ಸೇರಿಸಿದ ಹಾಗೆ. ಉಕ್ಕಿನ ಮಟ್ಟದ ಹತ್ತಿರ, ಚದರ ಮೀಟರ್‌ಗೆ 3 ಮೆಗಾವ್ಯಾಟ್ ಹರಿಯುವ ಕಡೆ, ಪೊರೆ ಇಲ್ಲದಿದ್ದರೆ ತಾಮ್ರದ ಒಳಮೈ ಸುಮಾರು 220 ಡಿಗ್ರಿ ಇರುತ್ತದೆ. ಪೊರೆ ಬಂದರೆ ಅದರ ಮೇಲೆ ಇನ್ನೂ 200 ಡಿಗ್ರಿ ಏರುತ್ತದೆ. 400 ದಾಟಿದರೆ ಸಾಧಾರಣ ಮೋಲ್ಡ್ ತಾಮ್ರ ಮೆತ್ತಗಾಗುತ್ತದೆ. ಮೆತ್ತಗಾದ ತಾಮ್ರ ಹಿಗ್ಗಿ ಹೊರಕ್ಕೆ ಹೊಟ್ಟೆ ಬಿಡುತ್ತದೆ, ತಣ್ಣಗಾದ ಮೇಲೂ ಹಳೆಯ ಆಕಾರಕ್ಕೆ ಮರಳುವುದಿಲ್ಲ. ಟೇಪರ್ ಗೇಜ್ ಇಳಿಸಿ ನೋಡಿದಾಗ ಅಲ್ಲಿ ಆಗಿದ್ದದ್ದೂ ಅದೇ, ಅದೂ ನಾಲ್ಕು ಮುಖದಲ್ಲಿ ನಾಲ್ಕು ಅಳತೆ. ಚಿಪ್ಪು ಕುಗ್ಗಿದ ಹಾಗೆ ಮೋಲ್ಡ್ ಕೂಡ ಕಿರಿದಾಗುತ್ತ ಹೋಗಲಿ ಎಂದೇ ಟೇಪರ್ ಕೊಟ್ಟಿರುತ್ತಾರೆ. ಆ ಟೇಪರ್ ಕೆಟ್ಟರೆ ಒಂದು ಮುಖದಲ್ಲಿ ಚಿಪ್ಪು ತಾಮ್ರಕ್ಕೆ ಅಂಟಿ, ಇನ್ನೊಂದು ಮುಖದಲ್ಲಿ ಸಂದು ಬಿಟ್ಟು ನಿಲ್ಲುತ್ತದೆ. ಅಂಟಿದ ಕಡೆ ಚಿಪ್ಪು ದಪ್ಪ, ಬಿಟ್ಟ ಕಡೆ ತೆಳು.

ಹಾಗಾದರೆ ಡೆಲ್ಟಾ ಟಿ ಯಾಕೆ ಕೂಗಿ ಹೇಳಲಿಲ್ಲ? ಮೇಲೆ ನೆನಪಿಡಿ ಎಂದದ್ದು ಇದಕ್ಕೇ. ಬಿಸಿಯ ದಾರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಡ್ಡಿ ಚಿಪ್ಪು ಮತ್ತು ಸಂದಿನದ್ದು. ಪೊರೆ ಸೇರಿಸುವ ಹೊಸ ಅಡ್ಡಿ ಒಟ್ಟಿನಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಹಾಗಾಗಿ ಒಟ್ಟು ಬಿಸಿ ಶೇಕಡಾ 6–7 ಮಾತ್ರ ಇಳಿಯುತ್ತದೆ. ಎಂಟು ಡಿಗ್ರಿ ಏಳೂವರೆ ಆಗುತ್ತದೆ, ಅಷ್ಟೇ. ಆದರೆ ಆ ಬಿಸಿ ಹಾಯುವಾಗ ಪೊರೆಯ ಹಿಂದೆ ನಿಂತ ತಾಮ್ರ 200 ಡಿಗ್ರಿ ಜಾಸ್ತಿ ಕಾಯುತ್ತದೆ. ಗೇಜ್ ಸುಳ್ಳು ಹೇಳಲಿಲ್ಲ. ಎಷ್ಟು ಬಿಸಿ ಹೋಗುತ್ತಿದೆ ಎಂದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತು. ತಾಮ್ರ ಎಷ್ಟು ಬಿಸಿಯಾಗಿದೆ ಎಂದು ಅದನ್ನು ಯಾರೂ ಕೇಳಿರಲಿಲ್ಲ, ಕೇಳಿದರೂ ಅದಕ್ಕೆ ಗೊತ್ತಿಲ್ಲ.

ಬಿಲ್ಲೆಟ್ ಮೋಲ್ಡ್ ಹೀಗೆ ವರ್ತಿಸುತ್ತದೆ ಎಂಬುದು ಹೊಸ ವಿಷಯವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೀತ್ ಬ್ರಿಮಕೊಂಬ್ ಮತ್ತು ಶ್ರೀಲಂಕಾ ಮೂಲದ ಇಂದಿರಾ ಸಮರಶೇಖರ 1980ರ ದಶಕದಲ್ಲಿ ಕಾರ್ಖಾನೆಗಳ ಮೋಲ್ಡ್‌ಗಳಿಗೆ ಬಿಸಿ ಅಳೆಯುವ ಥರ್ಮೋಕಪಲ್ ಕೂರಿಸಿ ಇದನ್ನು ಅಳೆದಿದ್ದಾರೆ. ನೀರಿನ ಸಂದಿನಲ್ಲಿ ಒಂದು ಮುಖದಲ್ಲಿ ನೀರು ಕುದಿದು ಇನ್ನೊಂದರಲ್ಲಿ ಕುದಿಯದಿದ್ದರೆ ಬಿಲ್ಲೆಟ್ ಚೌಕ ತಪ್ಪುತ್ತದೆ ಎಂದು ತೋರಿಸಿದವರು ಅವರೇ. ನೀರಿನ ಗುಣ, ನೀರಿನ ವೇಗ, ಮೋಲ್ಡ್‌ನ ಟೇಪರ್ ಮೂರನ್ನೂ ಒಟ್ಟಿಗೆ ನೋಡಬೇಕು ಎನ್ನುವ ರೂಢಿ ಬಂದದ್ದು ಅಂಥ ಅಳತೆಗಳಿಂದ. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಮೆಷಿನ್ ಬಂತು, ಈ ರೂಢಿ ಪೂರ್ತಿ ಬರಲಿಲ್ಲ.

ಟ್ಯಾಂಕರ್ ನೀರು

ಪೊರೆ ಕಟ್ಟಿದ್ದು ಯಾಕೆ? ಅಲ್ಲಿ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇತ್ತು, ಓಡುತ್ತಲೂ ಇತ್ತು.

ಉತ್ತರ ಕೊಟ್ಟವರು ಪಂಪ್‌ಹೌಸ್ ನೋಡಿಕೊಳ್ಳುವ ಹಿರಿಯರು. ಅವರನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. "ಬೋರು ನಿಂತೋಯ್ತಲ್ಲ ಸಾಮಿ, ಶಿವರಾತ್ರಿ ಮುಗಿದ್ಮೇಲೆ. ಆವಾಗಿಂದ ಟ್ಯಾಂಕರ್ ನೀರೇ. ಒಂದೊಂದು ದಿನ ಒಂದೊಂದು ಊರಿಂದು. ಕೆಲವು ಬಾಯಿಗೆ ಇಕ್ಕಂಗಿಲ್ಲ" ಎಂದರು.

ಈ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರ ಪಿನಾಕಿನಿ ಹೆಸರಿಗೆ ನದಿ, ವರ್ಷದ ಬಹುಪಾಲು ಮರಳು. ಸಾವಿರ ಅಡಿ ದಾಟಿದ ಬೋರುಗಳು, ಗ್ರಾನೈಟ್ ಬಿರುಕಿನಲ್ಲಿ ನಿಂತ ಹಳೆಯ ನೀರು. ಫ್ಲೋರೈಡ್, ಗಡಸುತನ ಎರಡೂ ಇರುತ್ತವೆ. ಕುಡಿಯುವ ನೀರಿನ ಐಎಸ್ 10500ರಲ್ಲಿ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 600. ಕುಡಿಯಲು ಆ ಮಿತಿ. ಮೋಲ್ಡ್ ನೀರಿಗೆ 10ರ ಒಳಗೆ ಇರಬೇಕು. ತಾಮ್ರ ನಮಗಿಂತ ಹೆಚ್ಚು ನಾಜೂಕು.

ಕಾರ್ಖಾನೆಯ ಬೋರ್ ನೀರು ಹಳೆಯ ರಿಪೋರ್ಟ್ ಪ್ರಕಾರ 350 ಇತ್ತು. ಟ್ಯಾಂಕರ್ ನೀರು ಅಳೆದಾಗ 700 ಆಸುಪಾಸು. ಸಾಫ್ಟ್‌ನರ್‌ನಲ್ಲಿ 200 ಲೀಟರ್ ರೆಸಿನ್. ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ, ಒಟ್ಟು 10 ಕಿಲೋ. ಆಮೇಲೆ ಉಪ್ಪು ನೀರು ಹಾಯಿಸಿ ರೆಸಿನ್ ತೊಳೆಯಬೇಕು. 350 ಗಡಸಿನ ನೀರಾದರೆ ಒಂದು ತೊಳೆತಕ್ಕೆ 28 ಘನ ಮೀಟರ್ ಬರುತ್ತದೆ. 700 ಆದರೆ 14 ಮಾತ್ರ. ಮೋಲ್ಡ್ ನೀರನ್ನು ತಣಿಸುವ ಕೂಲಿಂಗ್ ಟವರ್‌ಗೆ ಒಂದು ಶಿಫ್ಟ್‌ಗೆ ಬೇಕಾದ ಮೇಕಪ್ ನೀರು, ಅಂದರೆ ಕಡಿಮೆಯಾದದ್ದನ್ನು ತುಂಬುವ ಹೊಸ ನೀರು, ಸುಮಾರು 20 ಘನ ಮೀಟರ್. ನಿಯಮ ಏನಿತ್ತು? ಶಿಫ್ಟ್‌ಗೊಮ್ಮೆ ಉಪ್ಪು. ಬೋರ್ ನೀರಿದ್ದಾಗ ಆ ನಿಯಮ ಧಾರಾಳವಾಗಿ ಸಾಕಿತ್ತು. ಟ್ಯಾಂಕರ್ ನೀರು ಬಂದ ಮೇಲೆ ಶಿಫ್ಟ್‌ನ ಕೊನೆಯ ಮೂರನೇ ಒಂದು ಭಾಗದಲ್ಲಿ ಸಾಫ್ಟ್‌ನರ್ ಬರೀ ಪೈಪ್ ಆಗಿಬಿಡುತ್ತಿತ್ತು. ಗಡಸು ನೀರು ಹಾಗೇ ಒಳಗೆ.

ಟವರ್ ಅದನ್ನು ಇನ್ನೂ ಹೆಚ್ಚಿಸಿತು. ಒಳಗೆ ಹಾಕಿದ 20ರಲ್ಲಿ 15 ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಉಳಿದ ನೀರಿನಲ್ಲಿ ಗಡಸುತನ ನಾಲ್ಕು ಪಟ್ಟು. ಮೇಲಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಸಕ್ಕರೆಯ ಹಾಗೆ ಬಿಸಿಯಲ್ಲಿ ಜಾಸ್ತಿ ಕರಗುವುದಿಲ್ಲ, ಕಡಿಮೆ ಕರಗುತ್ತದೆ. ಹಾಗಾಗಿ ಇಡೀ ಸರ್ಕ್ಯೂಟ್‌ನಲ್ಲಿ ಅತಿ ಬಿಸಿಯಾದ ಜಾಗ ಹುಡುಕಿಕೊಂಡು ಹೋಗಿ ಅಲ್ಲೇ ಕೂರುತ್ತದೆ. ಆ ಜಾಗ ಮೋಲ್ಡ್‌ನ ಮೇಲ್ಭಾಗ.

ಎರಡನೇ ಸ್ಟ್ರ್ಯಾಂಡ್‌ಗೂ ಇದೇ ನೀರು. ಅದು ಬಚಾವಾದದ್ದು ಹೇಗೆ? ಅದರ ತಾಮ್ರದ ಕೊಳವೆ ಹೊಸದು, ಮಾರ್ಚ್‌ನಲ್ಲಿ ಹಾಕಿದ್ದು. ಅಲ್ಲೂ ಪೊರೆ ಶುರುವಾಗಿತ್ತು, ಪಟ್ಟಿ ತೆಳ್ಳಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಎರಡೂ ಒಟ್ಟಿಗೆ ಕೂರುತ್ತಿದ್ದವು.

ಸರಿ ಮಾಡಿದ್ದು

ಎರಡೂ ಕೊಳವೆ ತೆಗೆದು ಹೊಸದು ಹಾಕಿದರು. ಜಾಕೆಟ್‌ಗಳನ್ನು, ಆಮ್ಲ ಲೋಹ ತಿನ್ನದಂತೆ ತಡೆಯುವ ಇನ್ಹಿಬಿಟರ್ ಬೆರೆಸಿದ ಆಮ್ಲದಿಂದ ತೊಳೆದರು. ಮೋಲ್ಡ್ ಸರ್ಕ್ಯೂಟ್‌ನ ನೀರು ಪೂರ್ತಿ ಖಾಲಿ ಮಾಡಿ ಮೆದು ನೀರು ತುಂಬಿದರು. ನಾಝಲ್ ಬದಲಿಸಿ, ಸ್ಪ್ರೇ ಲೈನ್‌ಗೆ ಬಿಚ್ಚಿ ತೊಳೆಯಬಹುದಾದ ಸ್ಟ್ರೈನರ್ ಮತ್ತು ಹರಿವಿನ ಮೀಟರ್ ಕೂರಿಸಿದರು. ಇವೆಲ್ಲ ದುಡ್ಡಿನ ಕೆಲಸ, ದುಡ್ಡು ಕೊಟ್ಟರೆ ಆಗುತ್ತದೆ.

ಹೆಚ್ಚು ವಾದ ಆದದ್ದು ಸ್ಪ್ರೇ ನೀರು ಇಳಿಸುವಾಗ. 1.9ರಿಂದ 1.3ಕ್ಕೆ ಇಳಿಸಿ ಎಂದಾಗ ಇನ್‌ಚಾರ್ಜ್ ಮುಖ ಸಿಂಡರಿಸಿದರು. ಅವರ ಭಯ ನ್ಯಾಯವಾದದ್ದೇ. ಒಡೆದರೆ ರಾತ್ರಿಯೆಲ್ಲ ನಿಂತು ಕೊಯ್ಯಬೇಕಾದವರು ಅವರು, ನಾನಲ್ಲ. ಹಾಗಾಗಿ ಒಮ್ಮೆಲೇ ಇಳಿಸಲಿಲ್ಲ. ಮೋಲ್ಡ್‌ನ ಕೆಳಗಿನ ಮೊದಲ ವಲಯದ ನೀರನ್ನು ಹಾಗೇ ಬಿಟ್ಟು, ಕೆಳಗಿನ ವಲಯಗಳಲ್ಲಿ ಹಂತ ಹಂತವಾಗಿ ಕಡಿಮೆ ಮಾಡಿದೆವು. ಪ್ರತಿ ಹಂತಕ್ಕೂ ತುಂಡು ಕೊಯ್ದು ಆಮ್ಲಕ್ಕೆ ಹಾಕಿದೆವು. ಅರ್ಧದಾರಿಯ ಬಿರುಕುಗಳು ಮೊದಲು ಚಿಕ್ಕವಾದವು, ಆಮೇಲೆ ಕಾಣದಾದವು. ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಇನ್‌ಚಾರ್ಜ್ ತಾವೇ ವೇಗವನ್ನು 2.8ಕ್ಕೆ ಏರಿಸಿದರು. ವೇಗ ಏರಿದ ಮೇಲೆ ಫರ್ನೇಸ್‌ನವರು ಬಿಸಿ ಇಳಿಸಲು ಒಪ್ಪಿದರು. ಟಂಡಿಶ್‌ನಲ್ಲಿ 1550 ಮೀರಬಾರದು ಎಂದು ಬೋರ್ಡ್ ಬರೆದರು. ಆಗಾಗ ಮೀರುತ್ತದೆ, ಆದರೆ 1575 ಮತ್ತೆ ಬಂದಿಲ್ಲ.

ಉಪ್ಪಿನ ನಿಯಮ ಬದಲಾಯಿತು. ಗಂಟೆ ನೋಡಿ ಅಲ್ಲ, ನೀರು ನೋಡಿ. ಪಂಪ್‌ಹೌಸ್‌ನಲ್ಲಿ ಇಡಿಟಿಎ ಕಿಟ್ ಇಟ್ಟರು. ನೀರಿಗೆ ಬಣ್ಣದ ಪುಡಿ ಹಾಕಿದರೆ ಗಡಸುತನ ಇದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಹನಿ ಎಣಿಸಿದರೆ ಎಷ್ಟು ಎಂದೂ ಗೊತ್ತಾಗುತ್ತದೆ. ಆ ಹಿರಿಯರು ಎರಡು ದಿನದಲ್ಲಿ ಕಲಿತರು. ಈಗ ಟ್ಯಾಂಕರ್ ಗೇಟಿಗೆ ಬಂದರೆ ಮೊದಲು ಅವರೇ ಹೋಗಿ ಬಾಟಲಿಗೆ ನೀರು ಹಿಡಿಯುತ್ತಾರೆ. ತೀರಾ ಕೆಟ್ಟದಿದ್ದರೆ ತೋಟಕ್ಕೆ ಕಳಿಸುತ್ತಾರೆ. ಟ್ಯಾಂಕರ್‌ನವರಿಗೆ ಅವರ ಮೇಲೆ ಸಿಟ್ಟಿದೆ ಎಂದು ಕೇಳಿದ್ದೇನೆ.

ಮೋಲ್ಡ್ ನೀರನ್ನು ಟವರ್‌ಗೆ ಕಳಿಸುವುದನ್ನೇ ನಿಲ್ಲಿಸಿ ಎಂದು ನಾನು ಹೇಳಿದ್ದೆ. ಮೋಲ್ಡ್ ಕಡೆ ಮುಚ್ಚಿದ ಸರ್ಕ್ಯೂಟ್, ಅದರಲ್ಲಿ ಶುದ್ಧ ನೀರು. ನಡುವೆ ಎರಡೂ ಕಡೆಯ ನೀರು ಬೆರೆಯದೆ ಬಿಸಿ ಮಾತ್ರ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್. ಟವರ್ ನೀರು ಅದರ ಆಚೆ ಬದಿಗೆ. ಮಾಲೀಕರು ಮೊದಲು ಒಪ್ಪಲಿಲ್ಲ. "ಅಲ್ಲೂ ಪೊರೆ ಕಟ್ಟುತ್ತಲ್ವಾ? ಮತ್ಯಾಕೆ ಖರ್ಚು?" ಎಂದರು. ಕಟ್ಟುತ್ತದೆ, ನಿಜ. ಆದರೆ ಪ್ಲೇಟ್‌ನಲ್ಲಿ ಕಟ್ಟಿದರೆ ಮೋಲ್ಡ್‌ಗೆ ಹೋಗುವ ನೀರಿನ ಬಿಸಿ ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ, ಥರ್ಮಾಮೀಟರ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ಭಾನುವಾರ ಬಿಚ್ಚಿ ತೊಳೆದರೆ ಮುಗಿಯಿತು. ತಾಮ್ರದ ಮೇಲೆ ಕಟ್ಟಿದರೆ ಏನೂ ಕಾಣುವುದಿಲ್ಲ, ಕಾಣುವುದು ಬ್ರೇಕ್‌ಔಟ್ ಆದಾಗಲೇ. ಈ ವಾದಕ್ಕೆ ಅವರು ಸೋತರು. ಮಳೆಗಾಲದಲ್ಲಿ ಎಕ್ಸ್‌ಚೇಂಜರ್ ಬಂತು.

ಸ್ಪ್ರೇಗಾದರೂ ಬೆಂಗಳೂರಿನ ಸಂಸ್ಕರಿಸಿದ ನೀರು ಸಿಗುತ್ತದೆಯೇ ಎಂದು ಅವರು ಕೇಳಿದ್ದರು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಅಂಥ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆದರೆ ಅದು ಕೆರೆ ತುಂಬಿಸಿ ಅಂತರ್ಜಲ ಏರಿಸಲು ತಂದ ನೀರು, ಕಾರ್ಖಾನೆಗಲ್ಲ. ಸಿಕ್ಕರೂ ಅದರಲ್ಲಿ ಪಾಚಿ ಬೆಳೆಯುವ ತೊಂದರೆ ಬೇರೆ. ಆ ಮಾತು ಅಲ್ಲಿಗೇ ನಿಂತಿತು.

ಬ್ರೇಕ್‌ಔಟ್ ಮತ್ತೆ ಅಪರೂಪವಾಗಿದೆ. ಎರಡನೇ ಸ್ಟ್ರ್ಯಾಂಡ್‌ನಲ್ಲಿ ಕರ್ಣಗಳ ವ್ಯತ್ಯಾಸ 2–3 ಮಿ.ಮೀ. ಒಂದನೆಯದರಲ್ಲಿ ಇನ್ನೂ 5 ಇದೆ, ಹೊಸ ಕೊಳವೆ ಹಾಕಿದ ಮೇಲೂ. ಜಾಕೆಟ್ ಸಂದನ್ನು ಫೀಲರ್ ಗೇಜ್‌ನಿಂದ ಅಳೆದಾಗ ಕಾರಣ ಸಿಕ್ಕಿತು. ಒಂದು ಬದಿ 3.2 ಮಿ.ಮೀ., ಎದುರು ಬದಿ 4.7. ನೀರು ಸಲೀಸಾದ ದಾರಿ ಹಿಡಿಯುತ್ತದೆ, ಅಗಲ ಸಂದಿನಲ್ಲಿ ಜೋರಾಗಿ, ಕಿರಿದಾದ ಕಡೆ ನಿಧಾನಕ್ಕೆ. ನಿಧಾನ ಇದ್ದ ಬದಿಯಲ್ಲೇ ಪೊರೆಯೂ ದಪ್ಪ ಇತ್ತು. ಜಾಕೆಟ್ ಯಾವಾಗಲೋ ಹಳೆಯ ಬ್ರೇಕ್‌ಔಟ್ ಒಂದರಲ್ಲಿ ಸೊಟ್ಟಗಾಗಿರಬೇಕು ಎಂದು ಫಿಟ್ಟರ್ ಹೇಳುತ್ತಾನೆ. ಅದನ್ನು ಬೆಂಗಳೂರಿಗೆ ಕಳಿಸಿ ಮೆಷಿನಿಂಗ್ ಮಾಡಿಸಬೇಕು. ಮುಂದಿನ ಶಟ್‌ಡೌನ್‌ನ ಪಟ್ಟಿಯಲ್ಲಿ ಬರೆದಿದ್ದಾರೆ, ಡಮ್ಮಿ ಬಾರ್‌ನ (ಎರಕ ಶುರು ಮಾಡುವಾಗ ಮೋಲ್ಡ್‌ನ ತಳ ಮುಚ್ಚುವ ಸರಳಿನ) ಚೈನ್ ರಿಪೇರಿಯ ಕೆಳಗೆ.